ದಂಡಿಗೆ ಹೋದವನ ಹೆಂಡತಿ

‘ಕೆರೆಗೆ ಹಾರ’ವನ್ನು ನಾಲ್ಕು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಮೂರು ವರ್ಷ ಒಂದೇ ರೀತಿ ಮಾಡಿದೆ. ಕೆರೆಗೆ ನೀರು ಬರಲಿಲ್ಲ, ಜೋಯಿಸರನ್ನು ಕೇಳಿದರು, ಕಿರಿಸೊಸೆಯನ್ನು ಕೊಟ್ಟರು. ಊರಿನ ಹಿತಕ್ಕೆ ವ್ಯಕ್ತಿಯ ಬಲಿ, ಗಂಡಾಳಿಕೆಯ ಮನೆಗೆ ಹೆಣ್ಣಿನ ಬಲಿ. ಹತ್ತು ಅಂಕದ ಪ್ರಶ್ನೆಗೆ ಇಷ್ಟು ಸಾಕು. ಈ ವರ್ಷ ಪಾಠ ಮುಗಿಸಿ ಹಾಜರಿ ಪುಸ್ತಕ ತೆಗೆಯುವಾಗ ಕಡೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. “ಮಿಸ್, ಅಕಿ ಗಂಡಗ ಯಾಕ ಯಾರೂ ಸುದ್ದಿ ಮುಟ್ಟಸಲಿಲ್ಲ?”

ನಾನು ಬಾಯಿ ತೆರೆಯುವ ಮೊದಲೇ ಹುಡುಗನೊಬ್ಬ ಉತ್ತರ ಕೊಟ್ಟ. “ಅಂವಾ ದಂಡಿನಾಗಿದ್ದ.”

“ದಂಡಿನಾಗ ಇದ್ದರೇನಾತು? ಕನಸ ಮುಟ್ಟೇತಲ್ಲ?”

ತರಗತಿ ನಕ್ಕಿತು. ನಾನೂ ನಕ್ಕೆ. ಆಮೇಲೆ ಬಸ್ಸಿನಲ್ಲಿ ಕೂತು ಮನೆಗೆ ಹೋಗುವಾಗ ನಗು ಉಳಿದಿರಲಿಲ್ಲ. ಆ ಮೇ ತಿಂಗಳಲ್ಲಿ ನನ್ನ ಮದುವೆಯಾಗಿತ್ತು. ಮದುವೆಯಾದ ಇಪ್ಪತ್ನಾಲ್ಕನೆಯ ದಿನ ನಮ್ಮವರು ರಜೆ ಮುಗಿಸಿ ಬೆಳಗಾವಿಯಿಂದ ರೈಲು ಹತ್ತಿದ್ದರು. ಸೈನ್ಯದಲ್ಲಿ ನಾಯಕ್. ಈಗ ಎಲ್ಲಿದ್ದಾರೆ ಎಂಬುದಕ್ಕೆ ನನ್ನ ಬಳಿ ಇರುವ ಉತ್ತರ ಒಂದು ಅಂಚೆ ವಿಳಾಸ. ಅದರ ಕೊನೆಗೆ ‘56 ಎಪಿಓ’ ಎಂದಿದೆ. ಊರಿಲ್ಲ, ಜಿಲ್ಲೆಯಿಲ್ಲ, ರಾಜ್ಯವಿಲ್ಲ. ಸೈನ್ಯದ ಅಂಚೆಯೇ ಹಾಗೆ; ಪತ್ರ ಮುಟ್ಟುತ್ತದೆ, ಎಲ್ಲಿಗೆ ಮುಟ್ಟಿತು ಎಂದು ಬರೆದವರಿಗೆ ತಿಳಿಯುವುದಿಲ್ಲ.

ಮೂರು ವರ್ಷ ಆ ಹಾಡು ಹೇಳಿಕೊಟ್ಟರೂ ಭಾಗೀರಥಿ ಒಬ್ಬ ಸೈನಿಕನ ಹೆಂಡತಿ ಎಂಬುದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ನನ್ನ ಟಿಪ್ಪಣಿಗಳಲ್ಲಿ ಮಾದೇವರಾಯನ ಹೆಸರು ಬರುವುದೇ ಕೊನೆಯ ಪುಟದಲ್ಲಿ, ಅವನು ಕೆರೆಗೆ ಹಾರುವಾಗ. ಅವನು ದಂಡಿನಲ್ಲಿದ್ದ ಎನ್ನುವುದು ಕತೆಯ ಅನುಕೂಲಕ್ಕೆ ಬಂದ ಮಾತು ಅಂದುಕೊಂಡಿದ್ದೆ.

ಸೈನಿಕನನ್ನು ಮದುವೆಯಾಗುವವಳಿಗೆ ತಯಾರಿ ಬೇಕು ಎಂದು ಎಲ್ಲರೂ ಹೇಳುತ್ತಾರೆ. ಯಾವುದಕ್ಕೆ ತಯಾರಿ ಎಂದು ಕೇಳಿದರೆ ‘ಮನಸು ಗಟ್ಟಿ ಮಾಡ್ಕೋಬೇಕು’ ಅನ್ನುತ್ತಾರೆ. ಇದಕ್ಕಿಂತ ನಿಖರವಾದ ಬುದ್ಧಿ ಹೇಳಿದ್ದು ನಮ್ಮ ಓಣಿಯ ಪಿಂಚಣಿ ಅಜ್ಜಿ. ಗಂಡ ಸುಬೇದಾರನಾಗಿ ನಿವೃತ್ತನಾಗಿ, ತೀರಿಕೊಂಡು, ಬಹಳ ವರ್ಷಗಳಾಗಿವೆ. ನಾನು ಕಾಲಿಗೆ ಬಿದ್ದು ಏಳುವಷ್ಟರಲ್ಲಿ ಕೇಳಿದಳು: “ನಂಬರ ಬಾಯಿಪಾಠ ಆತೇನವಾ?” ಫೋನ್ ನಂಬರು ಇರಬೇಕು ಎಂದುಕೊಂಡೆ. ಅಲ್ಲ, ಸೈನ್ಯದ ನಂಬರು. “ನಮ್ಮ ಕಾಲದಾಗ ಗಂಡನ ಹೆಸರ ಹೇಳತಿದ್ದಿಲ್ಲ. ಒಡಪಿನಾಗ ಹಾಕಿ ಹೇಳಬೇಕು, ಅದೂ ನಾಚಗೊಂಡು. ಆದರ ನಂಬರ ಮಾತ್ರ ನಿದ್ದಿಗಣ್ಣಾಗ ಕೇಳಿದರೂ ಹೇಳತಿದ್ನಿ.” ಹೇಳಿಯೂ ತೋರಿಸಿದಳು. ಶಾಲೆಗೆ ಹೋಗದ ಮುದುಕಿ ಅಷ್ಟು ಅಂಕಿಗಳನ್ನು ಎಲ್ಲೂ ತಡೆಯದೆ ಹೇಳಿ ಮುಗಿಸಿದ್ದನ್ನು ಕೇಳುವಾಗ, ಆ ಸಾಲು ಒಡಪಿಗಿಂತ ಚೆನ್ನಾಗಿದೆ ಅನಿಸಿತು.

ಉಳಿದ ತಯಾರಿ ಕಾಗದದ್ದು. ಮದುವೆಯಾದದ್ದನ್ನು ಸೈನಿಕ ತನ್ನ ಘಟಕಕ್ಕೆ ತಿಳಿಸಬೇಕು. ಅದು ‘ಪಾರ್ಟ್ ಟೂ ಆರ್ಡರ್’ ಎಂಬ ಆದೇಶದಲ್ಲಿ ಪ್ರಕಟವಾದ ಮೇಲೆಯೇ ಸೈನ್ಯದ ದಾಖಲೆಯಲ್ಲಿ ನಾನು ಹೆಂಡತಿ. ಮಂಗಳಸೂತ್ರ, ಅಕ್ಷತೆ, ಮದುವೆ ನೋಂದಣಿ ಎಲ್ಲ ಆದ ಮೇಲೂ ಅಷ್ಟು ದಿನ ನಾನು ಅಲ್ಲಿಲ್ಲ. ಜೋಡಿ ಫೋಟೋ, ಜಂಟಿ ಖಾತೆ, ಅವಲಂಬಿತರ ಕಾರ್ಡು, ಗುಂಪು ವಿಮೆಯಲ್ಲಿ ನಾಮನಿರ್ದೇಶನ. ಇವರು ‘ಫೀಲ್ಡ್’ನಲ್ಲಿ ಇರುವ ತನಕ ಕುಟುಂಬ ಜೊತೆಗೆ ಹೋಗುವಂತಿಲ್ಲ, ‘ಪೀಸ್’ ಠಾಣೆ ಬಂದು, ಮನೆ ಸಿಕ್ಕರೆ ಹೋಗಬಹುದು. ಅಲ್ಲಿಯತನಕ ನಾನು ಅತ್ತೆಮನೆಯಲ್ಲಿ. ವರ್ಷಕ್ಕೆ 60 ದಿನ ವಾರ್ಷಿಕ ರಜೆ. ಮದುವೆಗೆ ಅದರಲ್ಲಿ ಎಷ್ಟು ಹೋಯಿತು ಎಂದು ಲೆಕ್ಕ ಹಾಕಿ ಉಳಿದ ದಿನಗಳನ್ನು ಕ್ಯಾಲೆಂಡರಿನಲ್ಲಿ ಎಲ್ಲಿ ಇಡುವುದು ಎಂದು ಯೋಚಿಸುವುದು ನನ್ನ ಹೊಸ ಅಭ್ಯಾಸ.

ಸಾಹಿತ್ಯ ಓದಿದವರಿಗೆ ಒಂದು ದುರಭ್ಯಾಸ ಇರುತ್ತದೆ. ಭಯವಾದರೆ ಪುಸ್ತಕ ಹುಡುಕುತ್ತೇವೆ. ದಂಡಿಗೆ ಹೋದವನ ಹೆಂಡತಿಯ ಬಗ್ಗೆ ಯಾರು ಏನು ಬರೆದಿದ್ದಾರೆ ಎಂದು ನಾನೂ ಹುಡುಕಿದೆ. ಬರೆದವರು ಬಹಳ. ಆದರೆ ಬಹುತೇಕರು ಅವಳಿಗೆ ಎರಡೇ ಕೆಲಸ ಕೊಟ್ಟಿದ್ದಾರೆ: ಕಾಯುವುದು, ಇಲ್ಲವೆ ಅಳುವುದು.

ನಮ್ಮ ನೆಲದಲ್ಲಿ ಮೊದಲು ಸಿಗುವುದು ಬರವಣಿಗೆಯಲ್ಲ, ಕಲ್ಲು. ವೀರಗಲ್ಲನ್ನು ನೀವು ನೋಡಿರುತ್ತೀರಿ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಿನಲ್ಲಿ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲೆ ಅವನು ದೇವರ ಸನ್ನಿಧಿಯಲ್ಲಿ. ಅಲ್ಲಿ ಹೆಂಗಸರಿದ್ದಾರೆ, ಆದರೆ ಅವರು ಸ್ವರ್ಗದವರು. ಮನೆಯವಳು ಎಲ್ಲಿ? ಅವಳಿಗೆ ಬೇರೆ ಕಲ್ಲು ಇದೆ, ಮಾಸ್ತಿಕಲ್ಲು. ಅದರಲ್ಲೂ ಅನೇಕ ಕಡೆ ಅವಳು ಪೂರ್ತಿ ಇಲ್ಲ. ಒಂದು ಕಂಬ, ಅದರಿಂದ ಹೊರಟ ಮಡಿಸಿದ ತೋಳು, ತೋಳಿನ ತುಂಬ ಬಳೆ, ಬೆರಳುಗಳ ನಡುವೆ ನಿಂಬೆಹಣ್ಣು. ಅವನ ಜೊತೆ ಸತ್ತವಳಿಗಾದರೂ ಒಂದು ತೋಳು ಸಿಕ್ಕಿತು. ಸಾಯದೆ ಉಳಿದು ಹೊಲ ನೋಡಿಕೊಂಡವಳಿಗೆ ಕಲ್ಲೇ ಇಲ್ಲ. (ಮದ್ದೂರು ತಾಲ್ಲೂಕಿನ ಆತಕೂರಿನ ಹತ್ತನೆಯ ಶತಮಾನದ ಶಾಸನ ಕಾಳಿ ಎಂಬ ಬೇಟೆನಾಯಿಯ ಹೆಸರನ್ನು ಉಳಿಸಿಕೊಂಡಿದೆ. ಹಂದಿಯೊಡನೆ ಹೋರಾಡಿ ಸತ್ತ ನಾಯಿ ಅದು. ನನಗೆ ನಾಯಿಯ ಮೇಲೆ ಹೊಟ್ಟೆಕಿಚ್ಚಿಲ್ಲ. ಆದರೂ ಹೇಳದೆ ಇರಲಾಗಲಿಲ್ಲ.)

ಮಹಾಭಾರತದ ಉತ್ತರೆ ಹೊಸ ಮದುಮಗಳು. ಅಜ್ಞಾತವಾಸ ಮುಗಿದ ಬೆನ್ನಿಗೆ ವಿರಾಟನ ಮನೆಯಲ್ಲಿ ಮದುವೆ, ಸ್ವಲ್ಪ ಕಾಲಕ್ಕೆ ಯುದ್ಧ, ಅಭಿಮನ್ಯುವಿನ ಸಾವು, ಆಮೇಲೆ ಬಸಿರಿನ ಶಿಶುವಿಗೂ ಅಸ್ತ್ರದ ಬೆದರಿಕೆ. ಎಲ್ಲರ ಸಂತಾಪ ಅವಳಿಗಿದೆ. ಆದರೆ ಮದುವೆಗೂ ಸಾವಿಗೂ ನಡುವಿನ ದಿನಗಳಲ್ಲಿ ಅವಳು ಹೇಗಿದ್ದಳು, ಸುಭದ್ರೆಯ ಜೊತೆ ಏನು ಮಾತಾಡುತ್ತಿದ್ದಳು? ನನಗೆ ಬೇಕಾದದ್ದು ಆ ದಿನಗಳು.

ತಮಿಳು ಸಂಗಂ ಸಾಹಿತ್ಯದಲ್ಲಿ ಆ ದಿನಗಳಿಗೇ ಒಂದು ವಿಭಾಗವಿದೆ ಎನ್ನುವುದು ಎ.ಕೆ. ರಾಮಾನುಜನ್ ಅವರ ಪುಸ್ತಕಗಳಿಂದ ನಮ್ಮಂಥವರಿಗೆ ತಿಳಿಯಿತು. ಮೈಸೂರಿನಲ್ಲಿ ಬೆಳೆದ ಅವರು ಅಹಂ ಕವಿತೆಗಳನ್ನು 1967ರಲ್ಲಿ ಇಂಗ್ಲಿಷಿಗೆ ತಂದರು. ಐದು ತಿಣೆಗಳಲ್ಲಿ ಮುಲ್ಲೈ ಎಂದರೆ ಕಾಡು, ಮಳೆಗಾಲ, ಸಂಜೆ, ಮಲ್ಲಿಗೆ. ಅದರ ಭಾವ ಮನೆಯವಳ ತಾಳ್ಮೆಯ ಕಾಯುವಿಕೆ. ‘ಮುಲ್ಲೈಪ್ಪಾಟ್ಟು’ ಎಂಬ 103 ಸಾಲಿನ ಕಾವ್ಯ ಪೂರ್ತಿ ಇದೇ. ಅರಸ ಪಾಳೆಯದಲ್ಲಿ, ರಾಣಿ ಅರಮನೆಯಲ್ಲಿ. ಮಳೆ ಹಿಡಿದಿದೆ, ಅವನು ಬರುತ್ತೇನೆಂದ ಕಾಲವೂ ಅದೇ. ಮುದುಕಿಯರು ಊರ ಹೊರಗೆ ಹೋಗಿ ಭತ್ತ, ಹೂವು ಚೆಲ್ಲಿ ಶಕುನಕ್ಕೆ ಕಿವಿಗೊಟ್ಟು ನಿಲ್ಲುತ್ತಾರೆ. ಗೊಲ್ಲರ ಹುಡುಗಿಯೊಬ್ಬಳು ಚಳಿಯಲ್ಲಿ ನಡುಗುತ್ತ, ಹಸಿದ ಕರುವಿಗೆ ನಿನ್ನ ಅಮ್ಮ ಈಗ ಬಂದುಬಿಡುತ್ತಾಳೆ ಎಂದು ಸಮಾಧಾನ ಹೇಳುವುದು ಅವರಿಗೆ ಕೇಳಿಸುತ್ತದೆ. ಅದನ್ನೇ ಒಳ್ಳೆಯ ಮಾತು ಎಂದು ಹೊತ್ತು ತರುತ್ತಾರೆ. ರಾಣಿಯ ಕಣ್ಣೀರು ನಿಲ್ಲುವುದಿಲ್ಲ.

ಇಷ್ಟು ಚೆಂದದ ಚಿತ್ರ ನನಗೆ ಬೇರೆಲ್ಲೂ ಸಿಗಲಿಲ್ಲ. ಗಂಡನಿಂದ ಸುದ್ದಿಯಿಲ್ಲದಾಗ ಯಾರೋ ಯಾರಿಗೋ ಆಡಿದ ಮಾತನ್ನು ತನಗೇ ಆಡಿದ್ದು ಎಂದು ಎತ್ತಿಕೊಳ್ಳುವುದು ಎಷ್ಟು ನಿಜ ಎಂದು ಈಗ ಬಲ್ಲೆ. ವಾಟ್ಸ್ಯಾಪಿನಲ್ಲಿ ಒಂದೇ ಗೆರೆ ಬಿದ್ದು ಎರಡನೆಯದು ಬೀಳದ ರಾತ್ರಿಗಳಲ್ಲಿ ನಾನು ಪಕ್ಕದ ಮನೆಯ ಟಿವಿಯ ಮಾತಿನಲ್ಲೂ ಶಕುನ ಹುಡುಕಿದ್ದೇನೆ. ಆದರೂ ಆ ಕಾವ್ಯದ ಬಗ್ಗೆ ಒಂದು ತಕರಾರಿದೆ. ಅದರ ದೊಡ್ಡ ಪಾಲು ಪಾಳೆಯದ ವರ್ಣನೆಗೆ ಹೋಗುತ್ತದೆ: ಆನೆ, ಕಾವಲಿನ ಯವನರು, ಹೊತ್ತು ಅಳೆಯುವ ನೀರಿನ ಗಡಿಯಾರ, ಗಾಯಗೊಂಡವರನ್ನು ನೆನೆದು ನಿದ್ದೆ ಬಾರದ ಅರಸ. ಅವನ ಸುತ್ತ ಒಂದು ಲೋಕವೇ ಇದೆ. ಅವಳ ಸುತ್ತ ಏಳು ನೆಲೆಯ ಮಾಡವಿದೆ, ದೀಪವಿದೆ, ಮಾಡಿನಿಂದ ಸುರಿಯುವ ಮಳೆಯ ಸದ್ದಿದೆ. ಮನೆಯಿಲ್ಲ. ಅಂದರೆ ಅತ್ತೆಯಿಲ್ಲ, ಮೈದುನರಿಲ್ಲ, ಅವನಿಲ್ಲದಾಗ ಇವಳ ಬಗ್ಗೆ ತೀರ್ಮಾನ ಮಾಡುವವರು ಯಾರೂ ಇಲ್ಲ. ಇರುವ ಮುದುಕಿಯರೆಲ್ಲ ಅವಳ ಪರ. ಕಾಯುವುದು ಒಂದು ಶುದ್ಧ ಭಾವವಾಗಬೇಕಾದರೆ ಮನೆಯನ್ನು ಹೀಗೆ ಖಾಲಿ ಮಾಡಬೇಕೇನೋ.

ಗ್ರೀಕರ ಹೋಮರ್ ಮನೆಯನ್ನು ಖಾಲಿ ಮಾಡಲಿಲ್ಲ. ‘ಇಲಿಯಡ್’ನ ಆರನೆಯ ಸರ್ಗದಲ್ಲಿ ಹೆಕ್ಟರನ ಹೆಂಡತಿ ಆಂಡ್ರೊಮಖೆ ಮಗುವಿನೊಡನೆ ಬಂದು ಹೋಗಬೇಡ ಎಂದು ಅಳುವುದನ್ನು ಎಲ್ಲರೂ ನೆನೆಯುತ್ತಾರೆ. ಅವಳು ಬರಿದೆ ಅಳುವುದಿಲ್ಲ. ಅತ್ತಿಯ ಮರದ ಹತ್ತಿರ ಕೋಟೆಗೋಡೆ ಹತ್ತಲು ಸುಲಭ, ಶತ್ರು ಅಲ್ಲಿ ಮೂರು ಸಲ ಪ್ರಯತ್ನಿಸಿದ್ದಾನೆ, ನಿನ್ನ ಜನರನ್ನು ಅಲ್ಲಿ ನಿಲ್ಲಿಸು ಎನ್ನುತ್ತಾಳೆ. ಯುದ್ಧವನ್ನು ಗಮನವಿಟ್ಟು ನೋಡಿದವಳ ಮಾತು. ಅವನ ಉತ್ತರದಲ್ಲಿ ಪ್ರೀತಿ ಬಹಳ ಇದೆ. ಕಡೆಗೆ ಅವಳನ್ನು ಮನೆಗೆ, ಮಗ್ಗಕ್ಕೆ ಕಳಿಸುತ್ತಾನೆ. ‘ಒಡಿಸ್ಸಿ’ಯಲ್ಲಂತೂ ಅಪಾಯ ಮನೆಯ ಹಜಾರದಲ್ಲೇ ಉಂಡು ಮಲಗಿದೆ. ಪೆನೆಲೊಪೆ ಇಪ್ಪತ್ತು ವರ್ಷ ಕಾಯುವುದು ಗಂಡನನ್ನಾದರೆ, ಎದುರಿಸುವುದು ತನ್ನ ಮನೆ ತಿಂದುಹಾಕುತ್ತಿರುವ ಗಂಡಸರನ್ನು. ಅವಳ ನೇಯ್ಗೆಯನ್ನು ಪಾತಿವ್ರತ್ಯಕ್ಕಿಂತ ತಂತ್ರವಾಗಿ ಓದುವುದೇ ನ್ಯಾಯ.

ಇವರೆಲ್ಲರಿಗಿಂತ ನನಗೆ ಹತ್ತಿರವಾದವಳು ಚಂದ್ರಧರ ಶರ್ಮಾ ಗುಲೇರಿಯವರ ಹಿಂದಿ ಕತೆ ‘ಉಸ್ನೇ ಕಹಾ ಥಾ’ದ ಸುಬೇದಾರ್ನಿ. 1915ರ ಕತೆ, ಮೊದಲ ಮಹಾಯುದ್ಧ ನಡೆಯುತ್ತಿರುವಾಗಲೇ ಬರೆದದ್ದು. ನಾವೆಲ್ಲ ಅದನ್ನು ಲೆಹನಾಸಿಂಗನ ತ್ಯಾಗದ, ಮೌನ ಪ್ರೇಮದ ಕತೆಯಾಗಿ ಓದುತ್ತೇವೆ. ಸುಬೇದಾರ್ನಿಯ ಕಡೆಯಿಂದ ಓದಿ ನೋಡಿ. ಗಂಡನೂ ಮಗನೂ ಒಂದೇ ದಂಡಿನಲ್ಲಿ ಹೊರಟಿದ್ದಾರೆ. ಉಳಿದ ಮಕ್ಕಳು ಬದುಕಲಿಲ್ಲ, ಇರುವವನು ಇವನೊಬ್ಬ. ಹೆಂಗಸರದೂ ಒಂದು ಪಲ್ಟನ್ನು ಮಾಡಿದ್ದರೆ ತಾನೂ ಜೊತೆಗೆ ಹೋಗುತ್ತಿದ್ದೆ ಎಂದು ಹಳಹಳಿಸುತ್ತಾಳೆ. ಅದು ಆಗುವ ಮಾತಲ್ಲ. ಆಗುವುದೇನು ಎಂದು ನೋಡಿ, ಇಪ್ಪತ್ತೈದು ವರ್ಷದ ಹಿಂದೆ ಅಮೃತಸರದ ಪೇಟೆಯಲ್ಲಿ ಕಂಡ ಹುಡುಗನನ್ನು ಗುರುತು ಹಿಡಿದು ಒಳಗೆ ಕರೆಸಿ, ಇಬ್ಬರನ್ನೂ ಕಾಯುವ ಕೆಲಸ ಒಪ್ಪಿಸುತ್ತಾಳೆ. ಅವಳ ಕೈಯಲ್ಲಿದ್ದ ಒಂದೇ ಆಸ್ತಿ ಒಂದು ಹಳೆಯ ನೆನಪು, ಅದನ್ನು ನಗದು ಮಾಡಿಕೊಂಡಳು. ಅದರಿಂದ ಲೆಹನಾಸಿಂಗ ಸತ್ತ. ಇದು ಕ್ರೂರ ಎನ್ನುವವರಿದ್ದಾರೆ. ಅವಳು ಮನಸು ಗಟ್ಟಿ ಮಾಡಿಕೊಂಡು ಕೂರಲಿಲ್ಲ, ವ್ಯವಸ್ಥೆ ಮಾಡಿದಳು ಎಂದು ನಾನು ಹೇಳುತ್ತೇನೆ.

ಕನ್ನಡ ಸಿನಿಮಾದಲ್ಲಿ ಎಲ್ಲರೂ ನೆನೆಯುವುದು 1990ರ ‘ಮುತ್ತಿನ ಹಾರ’. ಕೊಡಗಿನ ಯೋಧನ ಹೆಂಡತಿ ಅಲ್ಲಿ ನರ್ಸ್. ಯುದ್ಧ ನಡೆಯುವ ಕಡೆಗೇ ಹೆಂಡತಿಯನ್ನು ಒಯ್ಯುವ ಜಾಣ ಉಪಾಯ ಅದು, ಆದರೆ ನನ್ನ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ನಾನು ಇರುವುದು ಮನೆಯಲ್ಲಿ.

ಹೀಗೆ ಸುತ್ತಿ ಬಂದು ‘ಕೆರೆಗೆ ಹಾರ’ವನ್ನು ಮತ್ತೆ ಓದಿದೆ. ಹುಡುಗಿಯ ಪ್ರಶ್ನೆಯನ್ನು ಪಕ್ಕದಲ್ಲಿಟ್ಟುಕೊಂಡು.

ಮೊದಲನೆಯದಾಗಿ, ಯಾಕೆ ಕಿರಿಸೊಸೆ? ಹಿರಿಸೊಸೆಯನ್ನು ಕೊಟ್ಟರೆ ಮನೆಯ ಹಿರಿತನಕ್ಕೆ ಊನ ಎಂಬ ಕಾರಣವನ್ನು ಹಾಡೇ ಕೊಡುತ್ತದೆ. ಅದು ಹೇಳಿದ ಕಾರಣ. ಹೇಳದ ಕಾರಣವೂ ಹಾಡಿನೊಳಗೇ ಇದೆ ಅನಿಸುತ್ತದೆ: ಕಿರಿಸೊಸೆಯ ಗಂಡ ಊರಲ್ಲಿಲ್ಲ. ಅವಳ ಪರವಾಗಿ ಹಟ ಹಿಡಿಯುವವರು ಆ ಅಂಗಳದಲ್ಲಿ ಯಾರೂ ಇಲ್ಲ. ಇದು ನನ್ನ ಓದು, ಹಾಡು ಹೀಗೆಂದು ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಅವನನ್ನು ಹೊಲದಲ್ಲೋ ಸಂತೆಯಲ್ಲೋ ಇಟ್ಟಿದ್ದರೆ ಸಂಜೆಗೆ ಮನೆಗೆ ಬರುತ್ತಿದ್ದ. ಕರೆದರೂ ತಕ್ಷಣ ಬರಲಾಗದ ಜಾಗವೊಂದು ಬೇಕಿತ್ತು ಹಾಡಿಗೆ, ಅದು ದಂಡು.

ಎರಡನೆಯದು ಅವಳ ತವರಿನ ದಾರಿ. ತೀರ್ಮಾನ ಕಿವಿಗೆ ಬಿದ್ದ ಮೇಲೆ ಭಾಗೀರಥಿ ತವರಿಗೆ ಹೋಗುತ್ತಾಳೆ. ಕಣ್ಣೀರು ಯಾಕೆ ಎಂದು ಅಪ್ಪ ಕೇಳಿದರೆ ನಿಜ ಹೇಳುವುದಿಲ್ಲ. ಅತ್ತೆ ಮಾವ ನಮ್ಮನ್ನು ಬೇರೆ ಇಡುತ್ತಾರಂತೆ ಎನ್ನುತ್ತಾಳೆ. ಅಪ್ಪ ಹೊಲ ಮನೆ ಕೊಡುತ್ತೇನೆ ಎನ್ನುತ್ತಾನೆ. ತಾಯಿಗೂ ಅದೇ ಸುಳ್ಳು, ತಾಯಿಯಿಂದ ಒಡವೆಯ ಮಾತು. ಅವರು ಕೊಡಲು ಬಂದದ್ದಕ್ಕೆಲ್ಲ ಬೆಂಕಿ ಹಚ್ಚು ಎನ್ನುವಷ್ಟು ಸಿಟ್ಟು ಅವಳಿಗೆ. ನಿಜ ಹೇಳುವುದು ಗೆಳತಿಯೊಬ್ಬಳಿಗೆ. ತಂದೆತಾಯಿಗೆ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆಗೆ ಹಿಂದೆಲ್ಲ ‘ಕುಲದ ಮರ್ಯಾದೆ’ ಎಂದು ಬರೆಸುತ್ತಿದ್ದೆ. ಈಗ ಹಾಗೆ ಬರೆಸಲು ಕೈ ಬರುವುದಿಲ್ಲ.

ಯಾಕೆಂದರೆ ನಮ್ಮ ಮನೆಯಲ್ಲಿ ಇವರ ಕರೆ ಬರುವುದು ಮಾವನವರ ಫೋನಿಗೆ, ರಾತ್ರಿ ಊಟದ ಹೊತ್ತಿಗೆ. ಸ್ಪೀಕರ್ ಹಾಕುತ್ತಾರೆ. ಅದರಲ್ಲಿ ಕೆಟ್ಟ ಉದ್ದೇಶ ಏನೂ ಇಲ್ಲ, ಸಿಗ್ನಲ್ ಸಿಕ್ಕ ಐದು ನಿಮಿಷದಲ್ಲಿ ಎಲ್ಲರಿಗೂ ಮಗನ ದನಿ ಬೇಕು. ಮಾವ, ಅತ್ತೆ, ನಾದಿನಿ ಆದ ಮೇಲೆ ನನ್ನ ಸರದಿ. “ಆರಾಮ ಅದೀಯಿಲ್ಲ?” “ಹೂಂ, ಆರಾಮ ಅದೀನಿ.” ಎಲ್ಲರೂ ರೊಟ್ಟಿ ಮುರಿಯುತ್ತ ನನ್ನ ಮುಖ ನೋಡುತ್ತಿರುತ್ತಾರೆ. ನನ್ನದೇ ಫೋನಿಗೆ ಬಂದ ಕರೆಗಳು ಬೆರಳೆಣಿಕೆ, ಅವೂ ಅರ್ಧಕ್ಕೆ ಕಡಿದು ಹೋದವು.

ಆಷಾಢ ಕಳೆದ ಮೇಲೆ ಮನೆಯಲ್ಲಿ ಒಂದು ತೀರ್ಮಾನವಾಯಿತು. ಅವನು ಪೀಸ್ ಠಾಣೆಗೆ ಬರುವ ತನಕ ನಾನು ಕಾಲೇಜು ಬಿಡುವುದು. ಅತಿಥಿ ಉಪನ್ಯಾಸಕಿಯ ಸಂಬಳವೇನು ದೊಡ್ಡದಲ್ಲ, ಸಂಜೆ ಬಸ್ಸು ತಡ, ಗಂಡ ಊರಲ್ಲಿಲ್ಲದ ಸೊಸೆ ಕತ್ತಲಾದ ಮೇಲೆ ಬಂದರೆ ನಾಲ್ಕು ಜನ ಮಾತಾಡುತ್ತಾರೆ. ನನ್ನನ್ನು ಯಾರೂ ಬೈಯಲಿಲ್ಲ. ಪ್ರೀತಿಯಿಂದಲೇ ಹೇಳಿದರು. ಭಾಗೀರಥಿಗೂ ಯಾರೂ ಬೈಯುವುದಿಲ್ಲ ಎಂಬುದನ್ನು ಗಮನಿಸಿ. ಅಡಿಗೆ ಮಾಡಿಸುತ್ತಾರೆ, ಬಂಗಾರದ ಬುಟ್ಟಿ ಹೊರಿಸಿ ಪೂಜೆಗೆ ಕರೆದೊಯ್ಯುತ್ತಾರೆ, ಮರಳಿ ಬರುವಾಗ ಬಂಗಾರದ ಬಟ್ಟಲು ಮರೆತು ಬಂದೆವು, ತಾ ಎಂದು ಕಳಿಸುತ್ತಾರೆ. ಆ ಮನೆಯಲ್ಲಿ ದನಿ ಏರಿಸಿದವರೇ ಇಲ್ಲ. ಹೆಣ್ಣುಮಗಳೊಬ್ಬಳು ಮೆಟ್ಟಿಲು ಮೆಟ್ಟಿಲಾಗಿ ಮುಳುಗುವುದಕ್ಕೆ ಗದ್ದಲ ಬೇಕಿಲ್ಲ ಎಂದು ಆ ಹಾಡಿಗೆ ಗೊತ್ತು. ನನ್ನದು ಕೆಲಸ ಬಿಡುವ ವಿಷಯ, ಅವಳದು ಪ್ರಾಣ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುತ್ತಿಲ್ಲ. ಸ್ಪೀಕರ್ ಹಾಕಿದ ಫೋನಿನಲ್ಲಿ ನಾನೂ ನಿಜ ಹೇಳಲಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ. ಎತ್ತರದ ಜಾಗದಲ್ಲಿ ಬಂದೂಕು ಹಿಡಿದು ನಿಂತವನ ತಲೆಯೊಳಗೆ ಇಲ್ಲಿಯ ಬಸ್ಸಿನ ವೇಳೆ ಯಾಕೆ ತುಂಬಬೇಕು ಎಂದು ನನಗೇ ಅನಿಸಿತು. ಹೀಗೆ ಅನಿಸುವಂತೆ ನಮ್ಮನ್ನು ತಯಾರು ಮಾಡುತ್ತಾರೆ. ‘ಅವನಿಗೆ ಟೆನ್ಶನ್ ಕೊಡಬ್ಯಾಡ’ ಎಂಬುದು ಸೈನಿಕನ ಹೆಂಡತಿಗೆ ಸಿಗುವ ಮೊದಲ ಆದೇಶ. ಭಾಗೀರಥಿ ಅಪ್ಪನಿಗೆ ಹೇಳಿದ ಸುಳ್ಳಿನ ಹಿಂದೆಯೂ ಇಂಥದೇ ಏನೋ ಇದ್ದಿರಬೇಕು.

ಮೂರನೆಯದು ಆ ಕನಸು. ಮಾದೇವರಾಯನಿಗೆ ದಂಡಿನಲ್ಲಿ ಕೆಟ್ಟ ಕನಸು ಬೀಳುತ್ತದೆ: ಹೊದ್ದ ಸೆಲ್ಲೆ ಸುಟ್ಟಂತೆ, ಕೋಲು ಮುರಿದಂತೆ, ಕಟ್ಟಿಸಿದ ಮನೆ ಕುಸಿದಂತೆ. ಕುದುರೆ ಹತ್ತಿ ಓಡಿ ಬರುತ್ತಾನೆ. ಯಾರನ್ನು ಕೇಳಿ ಬಂದ? ಇವತ್ತಾಗಿದ್ದರೆ ರಜೆಯಿಲ್ಲದೆ ಗೈರು ಎಂದು ಬರೆದುಕೊಳ್ಳುತ್ತಿದ್ದರು. ಇದು ಪವಾಡದ ಅಂಶ ಎಂದು ಪಾಠದಲ್ಲಿ ದಾಟಿಹೋಗುತ್ತೇವೆ. ಆದರೆ ಹುಡುಗಿ ಹೇಳಿದ್ದೇ ಸರಿ. ಕನಸು ಬೇಕಾದದ್ದು ಮನುಷ್ಯರು ಯಾರೂ ಸುದ್ದಿ ಕಳಿಸದೆ ಇದ್ದುದರಿಂದ. ಬಂದ ಮೇಲೂ ಅದೇ. ಮನೆಯಲ್ಲಿ ಕೇಳಿದರೆ ತವರಿಗೆ ಹೋಗಿದ್ದಾಳೆ ಎನ್ನುತ್ತಾರೆ. ತವರಿನಲ್ಲಿ ಕೇಳಿದರೆ ಗೆಳತಿಯ ಮನೆಗೆ ಎನ್ನುತ್ತಾರೆ. ಅವಳು ಸತ್ತ ಮೇಲೂ ಅವನಿಗೆ ಸಿಗುವುದು ಮನೆಯ ಮಾತು, ಆರಾಮ ಇದ್ದಾಳೆ ಎಂಬ ಮಾತು. ನಿಜ ಹೇಳುವವಳು ಗೆಳತಿ. ಹೆಂಡತಿ ನಿಜ ಹೇಳಿದ್ದೂ ಅವಳಿಗೇ, ಗಂಡನಿಗೆ ನಿಜ ಗೊತ್ತಾಗುವುದೂ ಅವಳಿಂದಲೇ. ಆ ಗೆಳತಿಗೆ ಹೆಸರಿಲ್ಲ. ಅವಳು ದೊಡ್ಡ ಬಂಡಾಯಗಾರ್ತಿಯೂ ಅಲ್ಲ. ಭಾಗೀರಥಿ ಬಂದು ಹೇಳಿಕೊಂಡಾಗ ಅವಳು ಕೊಟ್ಟದ್ದು ತಲೆಬಾಗು ಎನ್ನುವ ಉಪದೇಶವನ್ನೇ. ಅದಕ್ಕೆ ಅವಳನ್ನು ಕ್ಷಮಿಸಲು ನನಗೆ ಕಷ್ಟ. ಆಗಲೇ ಒಬ್ಬ ಆಳನ್ನು ದಂಡಿಗೆ ಓಡಿಸಿದ್ದರೆ?

ಇಲ್ಲಿ ಒಂದು ಎದುರುವಾದವಿದೆ, ಅದನ್ನು ನಾನೇ ಎತ್ತಬೇಕು. ಗಂಡ ಊರಲ್ಲಿದ್ದರೆ ಹೆಂಡತಿ ಉಳಿಯುತ್ತಿದ್ದಳು ಎನ್ನಲು ಏನು ಆಧಾರ? ಕಟ್ಟಡಕ್ಕೆ ಸೊಸೆಯನ್ನು ಕೊಡುವ ಹಾಡುಗಳು ಬೇರೆ ನಾಡುಗಳಲ್ಲೂ ಇವೆ. ಸರ್ಬಿಯಾದ ‘ಸ್ಕಾದರ್ ಕಟ್ಟಿದ್ದು’ ಎಂಬ ಲಾವಣಿಯಲ್ಲಿ ಮೂವರು ಅಣ್ಣತಮ್ಮಂದಿರು ಕೋಟೆ ಕಟ್ಟುತ್ತಾರೆ, ಗೋಡೆ ನಿಲ್ಲುವುದಿಲ್ಲ. ನಾಳೆ ಊಟ ತರುವವಳನ್ನು ಗೋಡೆಗೆ ಸೇರಿಸಬೇಕು, ಹೆಂಡತಿಯರಿಗೆ ಹೇಳಬಾರದು ಎಂದು ಆಣೆ ಮಾಡುತ್ತಾರೆ. ಹಿರಿಯರಿಬ್ಬರು ಆಣೆ ಮುರಿದು ಹೇಳಿಬಿಡುತ್ತಾರೆ. ಕಿರಿಯವನು ಹೇಳುವುದಿಲ್ಲ, ಅವನ ಹೆಂಡತಿ ಬುತ್ತಿ ಹೊತ್ತು ಬರುತ್ತಾಳೆ. ಅಲ್ಲಿ ಗಂಡ ಪಕ್ಕದಲ್ಲೇ ನಿಂತಿದ್ದಾನೆ. ಅದನ್ನು ಓದಿದ ಮೇಲೆ ನಮ್ಮ ಹಾಡು ಮಾದೇವರಾಯನನ್ನು ದಂಡಿಗೆ ಕಳಿಸಿದ್ದು ಅವನ ಮೇಲಿನ ಕರುಣೆಯಿಂದಲೋ ಎಂಬ ಅನುಮಾನ ನನಗೆ ಬಂತು. ಊರಲ್ಲಿದ್ದಿದ್ದರೆ ಅವನೂ ಅಪ್ಪನ ಮಾತಿಗೆ ತಲೆ ಹಾಕುತ್ತಿದ್ದನೋ ಏನೋ. ದಂಡು ಅವನನ್ನು ಆ ಪರೀಕ್ಷೆಯಿಂದ ಪಾರು ಮಾಡಿತು. ಒಳ್ಳೆಯ ಗಂಡನಾಗಿ ಉಳಿಯಲು ದೂರವಿರುವುದು ಒಂದು ಸುಲಭದ ದಾರಿ. ಈ ಅನುಮಾನಕ್ಕೆ ಹಾಡಿನಲ್ಲಿ ಉತ್ತರವಿಲ್ಲ. ನನ್ನ ಮದುವೆಯಲ್ಲಿ ಇದೆಯೇ ಎಂದು ಕೇಳಿದರೆ, 24 ದಿನದ ಸಂಸಾರದಿಂದ ಅದು ಗೊತ್ತಾಗುವುದಿಲ್ಲ.

ಜನಪದ ಹಾಡು ಹಳೆಯದು, ಕಾಲ ಬದಲಾಗಿದೆ ಎನ್ನುವವರಿಗೆ ಒಂದು ಸರ್ಕಾರಿ ನಿಯಮವನ್ನು ನೆನಪಿಸಬೇಕು. ಶೌರ್ಯ ಪದಕ ಪಡೆದ ಸೈನಿಕ ತೀರಿಕೊಂಡರೆ ಅದರ ಭತ್ಯೆ ಹೆಂಡತಿಗೆ ಬರುತ್ತಿತ್ತು. ಅವಳು ಮರುಮದುವೆಯಾದರೆ ನಿಲ್ಲುತ್ತಿತ್ತು. ಆದರೆ ಗಂಡನ ಅಣ್ಣನನ್ನೋ ತಮ್ಮನನ್ನೋ ಮದುವೆಯಾದರೆ ಮುಂದುವರಿಯುತ್ತಿತ್ತು. ರಕ್ಷಣಾ ಸಚಿವಾಲಯ ಆ ಷರತ್ತನ್ನು ತೆಗೆದದ್ದು 2017ರ ನವೆಂಬರಿನಲ್ಲಿ. ಅಷ್ಟು ಕಾಲ ಆ ಭತ್ಯೆ ಅವಳದಾಗಿರಲಿಲ್ಲ, ಆ ಮನೆಯದಾಗಿತ್ತು; ಅವಳು ಮನೆಯೊಳಗೆ ಇರುವ ತನಕ ಅವಳ ಕೈಗೆ ಬರುತ್ತಿತ್ತು. ಕಾರ್ಗಿಲ್ ಯುದ್ಧದ ನಂತರ ಪರಿಹಾರದ ಹಣಕ್ಕಾಗಿ ಮನೆಗಳೊಳಗೆ ನಡೆದ ಎಳೆದಾಟಗಳು ಪತ್ರಿಕೆಗಳಲ್ಲಿ ಬಂದವು. ಸತ್ತವನ ತಂದೆತಾಯಿಯ ಕಷ್ಟವೂ ಸುಳ್ಳಲ್ಲ, ಮಗನ ದುಡಿಮೆಯನ್ನೇ ನಂಬಿದ ಮನೆಗಳು ನಮ್ಮ ಸುತ್ತ ಬೇಕಾದಷ್ಟಿವೆ. ಆ ನಾಮನಿರ್ದೇಶನದ ಫಾರ್ಮಿನಲ್ಲಿ ನನ್ನ ಹೆಸರು, ಅತ್ತೆಯವರ ಹೆಸರು, ಯಾರಿಗೆ ಎಷ್ಟು ಪಾಲು ಎಂದು ಇವರು ಬರೆಯುವಾಗ ನಾನು ಚಹಾ ತರುವ ನೆಪದಲ್ಲಿ ಒಳಗೆ ಹೋಗಿಬಿಟ್ಟಿದ್ದೆ. ಅದು ತಪ್ಪು. ಪಕ್ಕದಲ್ಲಿ ಕೂತು ಓದಬೇಕಿತ್ತು.

ಪಿಂಚಣಿ ಅಜ್ಜಿಗೆ ಇದೆಲ್ಲ ಹೇಳಿದೆ, ಹಾಡಿನ ವಿಷಯವನ್ನೂ. ಹಾಡು ಅವಳಿಗೆ ಬರುತ್ತಿತ್ತು, ನನ್ನ ಪಠ್ಯದಲ್ಲಿಲ್ಲದ ಎರಡು ನುಡಿ ಸೇರಿಸಿ ಹೇಳಿದಳು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾ ಪತ್ರ ಬರಸಾಕ ಸಾಲಿ ಮಾಸ್ತರರ ಹತ್ರ ಹೋಗತಿದ್ನಿ, ನಮ್ಮ ಭಾವನ ಕಡೆ ಬರಸತಿರಲಿಲ್ಲ” ಎಂದಳು. ಯಾಕೆ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಕಾಲೇಜನ್ನು ಇನ್ನೂ ಬಿಟ್ಟಿಲ್ಲ. ಈ ಸೆಮಿಸ್ಟರ್ ಮುಗಿಯಲಿ ಎಂದು ಅತ್ತೆಯವರೇ ಒಂದು ಮೆಟ್ಟಿಲು ಇಳಿದಿದ್ದಾರೆ. ಮುಂದಿನದು ಗೊತ್ತಿಲ್ಲ. ಇವರಿಗೆ ಪತ್ರ ಬರೆದಿದ್ದೇನೆ, ಕಾಗದದ ಮೇಲೆ, ಬಸ್ಸಿನ ವೇಳೆಯನ್ನೂ ಸೇರಿಸಿ ನಾಲ್ಕು ಪುಟ. 56 ಎಪಿಓಗೆ ಹೋಗುವ ಪತ್ರಕ್ಕೆ ಸ್ಪೀಕರ್ ಇಲ್ಲ.

ಇತಿಹಾಸ ವಿಭಾಗದಲ್ಲಿ ನನ್ನಂತೆಯೇ ಅತಿಥಿ ಉಪನ್ಯಾಸಕಿಯಾಗಿರುವ ಗೆಳತಿಯೊಬ್ಬಳಿದ್ದಾಳೆ. ಕಳೆದ ವಾರ ಸಿಬ್ಬಂದಿ ಕೋಣೆಯಲ್ಲಿ ಅವಳ ಡೈರಿ ಕೇಳಿ ತೆಗೆದುಕೊಂಡು, ಕೊನೆಯ ಪುಟದಲ್ಲಿ ಇವರ ಸೈನ್ಯದ ನಂಬರು, ಘಟಕ, ವಿಳಾಸ, ಜೊತೆಯಲ್ಲಿರುವ ಇನ್ನೊಬ್ಬರ ಹೆಂಡತಿಯ ಫೋನ್ ನಂಬರು ಎಲ್ಲ ಬರೆದುಕೊಟ್ಟೆ. ಯಾಕೆ ಎಂದಳು. ‘ಕೆರೆಗೆ ಹಾರ’ ಓದೀಯಿಲ್ಲ ಎಂದೆ. ಅವಳು ಕನ್ನಡಕ ಏರಿಸಿಕೊಂಡು ಅಂಕಿಗಳ ಮೇಲೆ ಬೆರಳಿಟ್ಟು ಓದತೊಡಗಿ ನಡುವೆ ನಿಂತಳು. “ಇದು ಒಂದೋ ಏಳೋ?”

ಏಳು. ಪೆನ್ನು ತೆಗೆದುಕೊಂಡು ಅಡ್ಡಗೆರೆ ಎಳೆದು ತಿದ್ದಿ ಕೊಟ್ಟೆ.